ಕುದುರೆ ಇಳಿದ ಮೇಲಿನ ಹದಿನಾರು ಪುಟ

ಬೆಟಗೇರಿ
5-2-1979, ಸೋಮವಾರ

ಪ್ರೀತಿಯ ಗೋಪಾಲಾ,

ಹೇಗಿದ್ದೀಯಪ್ಪಾ? ಮುಂಡರಗಿಯ ಖಾನಾವಳಿ ಖಾರ ನಿನ್ನ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಚಳಿಗೆ ನಿನ್ನ ಎಡಗಿವಿ ಸೋರುತ್ತದೆ, ಹತ್ತಿ ಇಟ್ಟುಕೋ. ನಿನ್ನ ಅವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ, ಆದರೂ ಅಟ್ಟ ಹತ್ತುವುದನ್ನು ಬಿಟ್ಟಿಲ್ಲ. ನನ್ನ ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣೂ ಮಂಜಾಗಿದೆ. ಹಾಳೆಗೆ ಮೂಗು ತಾಗಿಸಿ ಬರೆಯುತ್ತಿದ್ದೇನೆ. ಸಾಲು ಸೊಟ್ಟಾಗಿದ್ದರೆ ಅದು ಸಿಟ್ಟಿನಿಂದ ಅಂದುಕೊಳ್ಳಬೇಡ, ಕಣ್ಣಿನಿಂದ. ಸಿಟ್ಟೂ ಇದೆ. ಅದು ಬೇರೆ.

ಇಪ್ಪತ್ತು ವರ್ಷ ಶಿಕ್ಷಕರ ಸಂಘದ ಮನವಿ ಬರೆದ ಕೈ ಇದು. ಮೊದಲು ಕೊಟ್ಟ ಮಾತು, ಆಮೇಲೆ ಇಲ್ಲವೆಂದದ್ದು. ಹಾಗೆ ಬರೆಯದಿದ್ದರೆ ನನಗೆ ತಲೆ ಓಡುವುದಿಲ್ಲ. ನೀವು ಹುಡುಗರು ಕಟ್ಟಿಕೊಂಡ ಮಣ್ಣಿನ ಬಳಗ ಕೊರ್ಲಹಳ್ಳಿಯವರಿಗೆ ಕೊಟ್ಟ ಮಾತು: ಹೊಳೆದಂಡೆಯ ಕುಸಿದ ಮೆಟ್ಟಿಲು ಕಟ್ಟಿಕೊಡುತ್ತೇವೆ. ಕಟ್ಟಿದಿರಿ. ಕೊಟ್ಟ ಇನ್ನೊಂದು ಮಾತು: ದುಡಿದವರೆಲ್ಲ ಅಣ್ಣತಮ್ಮಂದಿರು, ದುಡಿದ ಪ್ರತಿ ಕೊರಳಿಗೂ ಆ ಊರಿನ ಮಣ್ಣು ತುಂಬಿದ ಚೀಲ ಕಟ್ಟುತ್ತೇವೆ. ಹನ್ನೊಂದು ಕೊರಳಿಗೆ ಕಟ್ಟಿದಿರಿ. ಹನ್ನೆರಡನೆಯವನು ನಬಿಸಾಬ. ನಾಲ್ಕು ದಿನ ನಿಮ್ಮ ಜೊತೆ ಕಲ್ಲು ಹೊತ್ತವನು, ತನ್ನ ಚಕ್ಕಡಿ ತಂದವನು. ಚೀಲಗಳಿಗೆ ನೀವು ತುಂಬಿದ ಕರಿಮಣ್ಣು ಅವನ ಹೊಲದ ಬದುವಿನದು. ಅವನು ಕೊರಳು ಬಗ್ಗಿಸಿ ನಿಂತಾಗ ನೀನು, ನನ್ನ ಮಗ, ‘ನಿನಗ ಬ್ಯಾಡ’ ಎಂದೆ.

ಇದು ಪುಕಾರಲ್ಲ, ಕಂಡವರು ಹೇಳಿದ್ದು. ನಬಿಸಾಬ ಯಾರ ಅಳಿಯ ಎಂದು ನಿನಗೆ ಗೊತ್ತು. ನಮ್ಮ ಅಚ್ಚಿನ ಮನೆಯ ಫಕ್ರುಸಾಬನ ಮಗಳು ಅಖ್ತರಿಯ ಗಂಡ. ಅವನು ಮನೆಗೆ ಹೋಗಿ ಕೈಕಾಲು ತೊಳೆದು ಉಣ್ಣಲು ಕೂತಾಗ ಅಖ್ತರಿ ‘ನಿಮ್ಮ ಕೊರಳಾಗ ಯಾಕ ಇಲ್ಲ?’ ಎಂದು ಕೇಳಿದಳಂತೆ. ‘ನನ್ನ ಹೊಲದ ಮಣ್ಣು ನನ್ನ ಕೊರಳಿಗಿ ಹೊಂದಂಗಿಲ್ಲಂತ’ ಎಂದನಂತೆ, ಅಷ್ಟೆ. ಆ ಮೇಲೆ ರೊಟ್ಟಿ ಮುರಿದನಂತೆ. ಗೋಪಾಲಾ, ಸಂಘದಲ್ಲಿ ನಾನು ದೊಡ್ಡ ದೊಡ್ಡ ಭಾಷಣ ಕೇಳಿದ್ದೇನೆ, ಮಾಡಿದ್ದೇನೆ. ಈ ಒಂದು ಮಾತಿನ ಮುಂದೆ ಅವೆಲ್ಲ ಹೊಟ್ಟು. ಮಣ್ಣನ್ನು ಪ್ರೀತಿಸುತ್ತೇನೆ ಎಂದು ಕೂಗಿ, ಅದನ್ನು ಉತ್ತವನನ್ನು ದೂರ ತಳ್ಳಿದೆಯೆಂದರೆ ನೀನು ಪ್ರೀತಿಸಿದ್ದು ಮಣ್ಣನ್ನಲ್ಲ, ಚೀಲವನ್ನು. ನಿನ್ನ ಕೋಣೆಯ ಜೊತೆಗಾರ ಸಕ್ರಪ್ಪನಿಗೆ ಅದು ಅಲ್ಲೇ ಹೊಳೆಯಿತು. ತನ್ನ ಕೊರಳಿನದನ್ನು ಬಿಚ್ಚಿ ‘ತಗೋ ಮಾರಾಯಾ, ನಿಂದ ಐತಿ’ ಎಂದು ನಬಿಸಾಬನ ಕೈಗಿಟ್ಟು ಬಳಗ ಬಿಟ್ಟು ಬಂದ. ಮೂರು ದಿನದಿಂದ ನಮ್ಮ ಮನೆಯಲ್ಲಿದ್ದಾನೆ. ನಿನ್ನ ಅವ್ವ ಅವನಿಗೆ ನಿನ್ನ ತಾಟು ಹಾಕುತ್ತಾಳೆ. ಬಳಗ ಬಿಟ್ಟವನು ದ್ರೋಹಿ ಎಂದು ನೀವು ಬರೆದುಕೊಂಡ ಪ್ರಮಾಣದಲ್ಲಿದೆಯಂತೆ, ಬರುವ ಸೋಮವಾರ ಸಂಜೆ ಅವನ ವಿಚಾರಣೆಯಂತೆ, ‘ಬರದಿದ್ದರ ನಾವ ಬರ್ತೀವಿ’ ಎಂದು ಚೀಟಿ ಕಳಿಸಿದ್ದೀರಂತೆ. ಚೀಟಿ ನೋಡಿದೆ. ಅಕ್ಷರ ನಿನ್ನದು. ನಾನೇ ತಿದ್ದಿಸಿದ ಅಕ್ಷರ.

ಇಷ್ಟಾದರೂ ಬೈಗುಳದ ಪತ್ರವಲ್ಲ ಇದು. ಬೈಯುವ ಹಕ್ಕು ನನಗೆ ಪೂರ್ತಿ ಇಲ್ಲ. ಚೀಲದ ಕಲ್ಪನೆ ನಿನಗೆ ಎಲ್ಲಿಂದ ಬಂತು? ಅಟ್ಟದ ಮೇಲೆ ಸಿಕ್ಕ ನನ್ನ ಪುಸ್ತಕದಿಂದ. 1939ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ, ವಾಚನಾಲಯದ ಇಂಗ್ಲಿಷ್ ಪತ್ರಿಕೆಗಳನ್ನು ಒಟ್ಟುಮಾಡಿ ರುಮೇನಿಯಾದ ಕೊದ್ರೆಯಾನು ಎಂಬವನ ಜೀವನ ಬರೆದೆ. ಅವನ ಜನ ಅವನನ್ನು ‘ಕ್ಯಾಪ್ಟನ್’ ಎನ್ನುತ್ತಿದ್ದರು. ಎಷ್ಟು ಚೆಂದ ಬರೆದೆ ಅಂತೀಯ! ಬಿಳಿ ಕುದುರೆ ಏರಿ, ರೈತರ ಉಡುಪು ತೊಟ್ಟು ಊರೂರಿಗೆ ಬರುವವನು. ಹಸಿರು ಅಂಗಿಯ ಹುಡುಗರು, ಕೊರಳಲ್ಲಿ ನೆಲದ ಮಣ್ಣಿನ ಚೀಲ, ಕೈಯಲ್ಲಿ ಸಲಿಕೆ. ಒಡ್ಡು ಕಟ್ಟುವರು, ಇಟ್ಟಿಗೆ ಬಡಿಯುವರು. ಪರರ ಆಳ್ವಿಕೆಯಲ್ಲಿ ತಲೆತಗ್ಗಿಸಿ ನಡೆಯುತ್ತಿದ್ದ ನಮಗೆ ಅಂಥವನೊಬ್ಬ ನಮ್ಮ ಕಡೆಯೂ ಬರಬಾರದೇ ಎನ್ನಿಸುತ್ತಿತ್ತು. ಬರೆಯುವಾಗ ಅಸುಂಡಿಯ ಹಾದಿಯಲ್ಲಿ ಆ ಬಿಳಿ ಕುದುರೆ ಬರುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಪುಸ್ತಕ ಅರವತ್ನಾಲ್ಕು ಪುಟದ್ದೆಂದು ನೀನು ತಿಳಿದಿದ್ದೀಯ. ನಾನು ಬರೆದದ್ದು ಎಂಬತ್ತು. ಅಚ್ಚಿನ ಮನೆಯಲ್ಲಿ ಹದಿನಾರು ಪುಟ ಒಂದೇ ದೊಡ್ಡ ಹಾಳೆಗೆ ಬೀಳುತ್ತವೆ, ಅದಕ್ಕೆ ಒಂದು ಫಾರ್ಮು ಎನ್ನುತ್ತಾರೆ. ನನ್ನದು ಐದು ಫಾರ್ಮಿನ ಪುಸ್ತಕ. ಸೀಸದ ಅಕ್ಷರದ ಮೊಳೆ ಜೋಡಿಸಿದವನು ಫಕ್ರುಸಾಬ. ಆಗ ಅವನಿಗೂ ನನ್ನ ವಯಸ್ಸೇ, ಹಸೀನಾಬಿಯನ್ನು ಮದುವೆಯಾದ ಹೊಸತು. ನಾಲ್ಕು ಫಾರ್ಮು ಅಚ್ಚಾದವು. ಐದನೆಯದನ್ನು ಜೋಡಿಸಿ, ತಪ್ಪು ತಿದ್ದಲು ಒಂದು ಕರಡು ಒತ್ತಿ ತೆಗೆದಿದ್ದ. ಅದರಲ್ಲಿ ಉಳಿದ ಕಥೆಯಿತ್ತು. ಕ್ಯಾಪ್ಟನ್ ಒಬ್ಬ ಪೊಲೀಸ್ ಅಧಿಕಾರಿಯನ್ನು ಗುಂಡಿಕ್ಕಿ ಕೊಂದದ್ದು, ಬಿಡುಗಡೆಯಾಗಿ ಮೆರೆದದ್ದು. ಯಹೂದಿಗಳು ಈ ನೆಲದವರಲ್ಲ ಎಂದು ಊರೂರಲ್ಲಿ ಸಾರಿದ್ದು. ಅವನ ಹುಡುಗರು ರೈಲು ನಿಲ್ದಾಣದಲ್ಲಿ ಪ್ರಧಾನಿಯನ್ನು ಕೊಂದದ್ದು. ಅವನ ದಂಡು ಬಿಟ್ಟ ಹಳೆಯ ಗೆಳೆಯನೊಬ್ಬ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹತ್ತು ಜನ ಹೋಗಿ ಮಂಚದ ಮೇಲೇ ಅವನನ್ನು ಮುಗಿಸಿದ್ದು. ಕಡೆಗೆ ಕ್ಯಾಪ್ಟನ್‌ನನ್ನೇ ರಾಜನ ಪೊಲೀಸರು ಕತ್ತು ಬಿಗಿದು ಕೊಂದು, ‘ಓಡಿಹೋಗುವಾಗ ಗುಂಡು ಹೊಡೆದೆವು’ ಎಂದು ಸುಳ್ಳು ಹೇಳಿದ್ದು. ಅದೂ ಕೊಲೆಯೇ, ನಾನು ಅದಕ್ಕೆ ಹಿಗ್ಗುವುದಿಲ್ಲ. ಇಷ್ಟೂ ನನಗೆ ಗೊತ್ತಿತ್ತು, ಇಷ್ಟನ್ನೂ ಬರೆದಿದ್ದೆ. ಗೆಳೆಯರು ಓದಿ ‘ಇದೇನೋ ಮಾರ್ತಾಂಡ, ಹಾಲಿನಾಗ ಉಪ್ಪು ಹಾಕೀದಿ’ ಎಂದು ನಕ್ಕರು. ನನಗೂ ನನ್ನ ಬಿಳಿ ಕುದುರೆಯ ಮೇಲೆ ಕಲೆ ಬೀಳುವುದು ಬೇಡವಾಗಿತ್ತು. ಐದನೆಯ ಫಾರ್ಮು ಬೇಡ, ಕಾಗದ ಸಾಲದು ಎಂದೆ. ಫಕ್ರುಸಾಬ ಮೊಳೆ ಬಿಚ್ಚುತ್ತ, ತಲೆ ಎತ್ತದೆ ಹೇಳಿದ: ‘ಕುದುರಿ ಹತ್ತಿದ್ದಷ್ಟ ಇಟ್ರಿ, ಇಳದ ಮ್ಯಾಲ ಏನ ಮಾಡಿದಾ ಅನ್ನೋದನ್ನ ಬಿಟ್ರೆಲ್ರೀ ಮಾಸ್ತರ.’ ನಾನು ನಾಲ್ಕು ಫಾರ್ಮಿನ ಹಣ ಎಣಿಸಿಟ್ಟು ಹೊರಟೆ. ನಲವತ್ತು ವರ್ಷವಾಯಿತು. ಪುಸ್ತಕ ಅಚ್ಚಾದ ಎರಡು ವರ್ಷದ ನಂತರ ಅದೇ ಹಸಿರು ಅಂಗಿಯವರು ಬುಖಾರೆಸ್ಟಿನಲ್ಲಿ ಯಹೂದಿಗಳ ಮನೆ ಹೊಕ್ಕು ಕೊಂದ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಉಳಿದ ಪ್ರತಿಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಸುಡಲಿಲ್ಲ. ನನ್ನ ಮೊದಲ ಪುಸ್ತಕವಲ್ಲವೇ, ಮನಸ್ಸು ಬರಲಿಲ್ಲ. ಸುಡುವುದು ಬೇಡವಾಗಿತ್ತು ಬಿಡು, ಆದರೆ ನಿನ್ನನ್ನು ಎದುರು ಕೂರಿಸಿಕೊಂಡು ಹೇಳಬಹುದಿತ್ತು. ಊರಿಗೆಲ್ಲ ಸತ್ಯ ಹೇಳುತ್ತೇನೆಂದು ಮೈಕಿನ ಮುಂದೆ ನಿಲ್ಲುತ್ತಿದ್ದವನು ಮನೆಯ ಅಟ್ಟದ ಬಗ್ಗೆ ಬಾಯಿ ಮುಚ್ಚಿಕೊಂಡಿದ್ದೆ.

ಈಗ ನೀನು ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲು ಅದೇ ಪ್ರೆಸ್ಸಿಗೆ ಕಳಿಸಿದ್ದೀಯ. ಅದು ಫಕ್ರುಸಾಬನ ಕೈಗೇ ಬಂದಿದೆ. ಮೊದಲ ಪುಟದಲ್ಲಿ ‘ನನ್ನ ತಂದೆಯವರಿಗೆ’ ಎಂದು ಅರ್ಪಣೆ ಬರೆದಿದ್ದೀಯ. ಅದನ್ನು ಫಕ್ರುಸಾಬ ನಮ್ಮ ಪಡಸಾಲೆಯಲ್ಲಿ ಕೂತು ಓದಿ ಹೇಳಿದಾಗ ನಿನ್ನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಖುಷಿಗೆ. ನನಗೆ ತಲೆ ಎತ್ತಲು ಆಗಲಿಲ್ಲ. ತನ್ನ ಅಳಿಯನಿಗೆ ಹೀಗೆ ಮಾಡಿದವರ ಪುಸ್ತಕ ಜೋಡಿಸುವುದಿಲ್ಲ ಎಂದು ಫಕ್ರುಸಾಬ ಅಂದಿದ್ದರೆ ಯಾರೂ ಅವನನ್ನು ತಪ್ಪು ಅನ್ನುತ್ತಿರಲಿಲ್ಲ. ಅವನು ಕೇಳಿದ್ದು ಒಂದೇ: ‘ಈ ಸಲ ಎಷ್ಟ ಫಾರ್ಮ ಮಾಸ್ತರ, ನಾಕೋ ಐದೋ?’ ಐದನೆಯದು ಈಗೆಲ್ಲಿದೆ, ಬರೆದ ಹಾಳೆಯೂ ಉಳಿದಿಲ್ಲ ಎಂದೆ. ಅವನು ಚೀಲದಿಂದ ಹಳದಿಯಾದ ಕರಡಿನ ಹಾಳೆ ತೆಗೆದ. ಡಾಂಬರ ಗುಳಿಗೆಯ ವಾಸನೆ. ನಲವತ್ತು ವರ್ಷ ಜೋಪಾನ ಮಾಡಿದೆಯಾ ಎಂದೆ. ‘ಜೋಪಾನ ಎಲ್ಲೀದ್ರೀ? ಹಸೀನಾಗ ಟ್ರಂಕಿನ ತಳಕ್ಕ ಹಾಸಾಕ ಕಾಗದ ಬೇಕಾಗಿತ್ತು. ಅಕೀ ಮದುವಿ ಸೀರಿ ಇದರ ಮ್ಯಾಲ ಇತ್ತು. ನಿಮ್ಮ ಕ್ಯಾಪ್ಟನ್‌ಗ ಅಷ್ಟರ ಮರ್ಯಾದಿ ಸಿಕ್ಕಿತಲ್ಲ!’ ಎಂದು ನಕ್ಕ. ನಾವಿಬ್ಬರೂ ನಕ್ಕೆವು. ಆಮೇಲೆ ನನಗೆ ನಗು ನಿಂತು ಬೇರೇನೋ ಆಯಿತು. ಅದನ್ನು ಬರೆಯುವುದಿಲ್ಲ.

ನಿನಗೆ ನೆನಪಿದೆಯೇ, ನಾಲ್ಕು ವರ್ಷದವನಿದ್ದಾಗ ಆ ಪ್ರೆಸ್ಸಿನಲ್ಲಿ ಫಕ್ರುಸಾಬನ ತೊಡೆಯ ಮೇಲೆ ಕೂತು ಸೀಸದ ಮೊಳೆಗಳನ್ನು ಆರಿಸುತ್ತಿದ್ದೆ. ಶಾಲೆಗೆ ಹೋಗುವ ಮೊದಲೇ ಅಕ್ಷರ ಕಲಿತೆ, ಎಲ್ಲವೂ ತಿರುಗುಮುರುಗು, ಮೊಳೆಯಲ್ಲಿರುವ ಹಾಗೆ. ಪಾಟಿಯ ಮೇಲೆ ಕನ್ನಡಿಯಲ್ಲಿ ನೋಡಿ ಓದಬೇಕಾದಂತೆ ಬರೆಯುತ್ತಿದ್ದೆ. ನಾನು ಗಾಬರಿಯಾದರೆ ಅವನು ‘ಇರ್ಲಿ ಬಿಡ್ರಿ, ಉಲ್ಟಾ ಓದಾಕ ಬಂದಾಂವಗ ಸುಲ್ಟಾ ಓದೋದು ಕಷ್ಟಲ್ಲ’ ಎಂದಿದ್ದ. ನಿನ್ನ ಹೆಸರನ್ನು ಜೋಡಿಸಿ ಒಂದು ಚೀಟಿ ಒತ್ತಿಕೊಟ್ಟ. ಮೂಗಿಗೆ ಮಸಿ ಬಳಿದುಕೊಂಡು ಅದನ್ನು ಹಿಡಿದು ಓಣಿಯೆಲ್ಲ ತೋರಿಸುತ್ತ ಬಂದೆ. ಆ ಚೀಟಿ ನಿನ್ನ ಅವ್ವನ ಪೆಟ್ಟಿಗೆಯಲ್ಲಿ ಇಂದಿಗೂ ಇದೆ. ನಿನ್ನ ಹೆಸರು ಮೊದಲು ಅಚ್ಚಾದದ್ದು ಆ ಕೈಯಿಂದ. ಆ ಕೈಯ ಮಗಳ ಗಂಡನಿಗೆ ನೀನು ‘ಬ್ಯಾಡ’ ಎಂದೆ. ನೀನು ಕೆಟ್ಟವನಲ್ಲ ಗೋಪಾಲಾ. ಕೊರ್ಲಹಳ್ಳಿಯ ಮೆಟ್ಟಿಲನ್ನು ಜನ ಹೊಗಳುತ್ತಾರೆ, ಕೇಳಿ ನನ್ನ ಎದೆ ಉಬ್ಬುತ್ತದೆ. ನನ್ನ ಹಾಗೆ ನೀನೂ ಅರವತ್ನಾಲ್ಕನೆಯ ಪುಟಕ್ಕೆ ನಿಂತವನು. ನನಗೆ ಮುಂದಿನದು ಗೊತ್ತಿದ್ದೂ ನಿಂತೆ, ನಿನಗೆ ಗೊತ್ತಿಲ್ಲದೆ. ಅದಕ್ಕೇ ತಪ್ಪಿನ ದೊಡ್ಡ ಪಾಲು ನನ್ನದು.

ಪುಸ್ತಕ ಬೇಡವೆಂದು ನಾನು ಅನ್ನುವುದಿಲ್ಲ. ಬರೆದವನು ನಾನು; ಎಂಬತ್ತು ಪುಟಕ್ಕೆ ಒಪ್ಪಿಗೆ ಇದೆ, ಅರವತ್ನಾಲ್ಕಕ್ಕೆ ಇಲ್ಲ. ಪ್ರೆಸ್ಸಿಗೆ ಹಾಗೇ ಬರೆದು ಸಹಿ ಮಾಡಿಕೊಟ್ಟಿದ್ದೇನೆ. ಅರ್ಪಣೆಯ ಪುಟ ಇರಲಿ. ಸಕ್ರಪ್ಪನ ವಿಷಯ ಇಷ್ಟೇ: ಸೋಮವಾರ ನಿಮ್ಮವರು ಬಂದರೆ ಬಾಗಿಲಿನಲ್ಲಿ ಮೊದಲು ನಾನು ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಕಣ್ಣು ಕಾಣದಿದ್ದರೂ ನಿನ್ನ ಹೆಜ್ಜೆಯ ಸಪ್ಪಳ ನನಗೆ ಗೊತ್ತಾಗುತ್ತದೆ.

ಅವ್ವ ಅಗಸಿ ಹಿಂಡಿ ಕುಟ್ಟಿ ಇಟ್ಟಿದ್ದಾಳೆ, ಅಂಚೆಯಲ್ಲಿ ಕಳಿಸುವುದಿಲ್ಲವಂತೆ, ಬಂದೇ ಒಯ್ಯಬೇಕಂತೆ. ಅಖ್ತರಿ ಕೂಡ ‘ಗೋಪಾಲಣ್ಣ ಆರಾಮ ಅದಾನೇನ್ರಿ’ ಎಂದು ಕೇಳಿದಳು. ಇಷ್ಟಾದ ಮೇಲೂ ಕೇಳಿದಳು. ಒಳ್ಳೆಯದಾಗಲಿ ನಿನಗೆ, ತಣ್ಣಗಿರು.

ನಿನ್ನ ಅಪ್ಪ,
ಮಾರ್ತಾಂಡ ಅಸುಂಡಿ

ತಾ.ಕ.: ಅಂಚೆಯವನು ಹೊರಡುತ್ತಿದ್ದಾನೆ, ಮುಖ್ಯ ಮಾತೇ ಬಿಟ್ಟೆ. ಐದನೆಯ ಫಾರ್ಮು ಜೋಡಿಸಿಯಾಗಿದೆ. ಕರಡು ತಿದ್ದಲು ಯಾವತ್ತೂ ಇಬ್ಬರು ಬೇಕು: ಒಬ್ಬ ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಹೊಸ ಅಚ್ಚಿನಲ್ಲಿ ಬೆರಳಿಟ್ಟು ನೋಡಬೇಕು. ಆಗ ಓದಿದವನು ನಾನು. ಈಗ ನನ್ನ ಕಣ್ಣು ಆ ಹಳದಿ ಹಾಳೆಯನ್ನು ಹಿಡಿಯುವುದಿಲ್ಲ. ಸಕ್ರಪ್ಪ ಓದುತ್ತೇನೆಂದ, ಫಕ್ರುಸಾಬ ಒಪ್ಪಲಿಲ್ಲ. ‘ಗೋಪಾಲ ಓದ್ಲಿ, ನಾ ಬೆರಳ ಇಡ್ತೀನಿ’ ಎಂದ. ಆ ಹದಿನಾರು ಪುಟ ನಿನ್ನ ಬಾಯಿಂದ, ಅವನ ಮುಂದೆ, ಗಟ್ಟಿಯಾಗಿ. ನಬಿಸಾಬನೂ ಬಂದು ಕೂರುತ್ತಾನೆ. ಭಾನುವಾರ, ಹನ್ನೊಂದನೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ, ಪ್ರೆಸ್ಸಿನಲ್ಲಿ.