ಅತ್ತೆ ಮತ್ತು ಸ್ವಿಚ್ಚು

ಮಂಗಳವಾರ, ಜೂನ್ ೯

ಅತ್ತೆ ಇವತ್ತೂ ಕಂಪ್ಯೂಟರಿನ ಸ್ವಿಚ್ಚು ಆಫ್ ಮಾಡಿಬಿಟ್ಟರು. ಮುಗಿಯುತ್ತ ಬಂದಿದ್ದ ಲೆಕ್ಕ ನಿಂತುಹೋಯಿತು. ನಾವು ಬಳಸದ ಹೊತ್ತಲ್ಲಿ ಅದು ಸಂಶೋಧಕರ ಲೆಕ್ಕದ ಒಂದು ತುಣುಕು ಮಾಡಿಕೊಡಲಿ ಅಂತ ಭಾನುವಾರವಷ್ಟೇ ಇಂಟರ್ನೆಟ್ಟಿನಲ್ಲಿ ಹೆಸರು ಕೊಟ್ಟಿದ್ದೆ. ಎಷ್ಟೋ ಮನೆಗಳ ತುಣುಕು ಸೇರಿದರೆ ಕೈನಡುಕದ ಕಾಯಿಲೆಗೆ ಔಷಧಿಯ ದಾರಿ ಸಿಗಬಹುದಂತೆ. ಅತ್ತೆಗಿರುವುದೂ ಅದೇ. ಸುಮ್ಮನೆ ಆಸೆ ಹುಟ್ಟಿಸುವುದು ಯಾಕೆ ಅಂತ ಅವರಿಗೆ ಹೇಳಿರಲಿಲ್ಲ.

ನಾನೂ ಬಿಡುವವಳಲ್ಲ. ಮತ್ತೆ ಚಾಲೂ ಮಾಡಿ, ಎಲ್ಲವನ್ನೂ ಹೇಳಿಬಿಟ್ಟೆ.

"ಪರದೆ ಕಪ್ಪಗಿದೆ, ಮುಂದೆ ಯಾರೂ ಕೂತಿಲ್ಲ. ಅದೆಂಥ ಕೆಲಸವೇ?" ಅಂದರು.

"ಪರದೆ ಮಲಗಿದೆ ಅಷ್ಟೇ ಅತ್ತೆ, ಒಳಗೆ ದುಡೀತಾನೇ ಇದೆ. ಬೇಕಾದರೆ ಮುಟ್ಟಿ ನೋಡಿ."

ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಒಳಗೆ ಫ್ಯಾನು ಜೋರಾಗಿ ತಿರುಗುತ್ತಿತ್ತು. "ಪಾಪ, ಇದೂ ನಡುಗ್ತಿದೆಯಲ್ಲೇ!"

ಅಷ್ಟಂದು ಎದ್ದು ಹೋದರು. ಒಪ್ಪಿದರೋ ಮುನಿಸಿಕೊಂಡರೋ ಗೊತ್ತಾಗಲಿಲ್ಲ. ಏನೇ ಆಗಲಿ, ಈ ಸಲ ಲೆಕ್ಕ ಮುಗಿಸಿಯೇ ತೀರಬೇಕು.

ಈಗ ಮಲಗುವ ಮುಂಚೆ, ಯಾರೂ ಮರೆತು ಆಫ್ ಮಾಡದಿರಲಿ ಅಂತ ಸ್ವಿಚ್ಚಿಗೆ ಟೇಪು ಅಂಟಿಸಲು ಹೋದೆ. ಆಗಲೇ ಅಂಟಿಸಿಯಾಗಿತ್ತು. ಸೊಟ್ಟಸೊಟ್ಟಗೆ, ಒಂದರ ಮೇಲೊಂದು ನಾಲ್ಕಾರು ಪಟ್ಟಿ.