ನಮ್ಮ ಹಲ್ಲುನೋವು

ಸಂತ ಮಾರ್ಟಿನನ ಹಬ್ಬ, ೧೪೫೨

ಹಲ್ಲುನೋವಿನ ಆ ಹಾಳು ತಮಾಷೆ ಇವತ್ತೂ ತಪ್ಪಲಿಲ್ಲ. ಮೆಲ್ಕ್ ಮಠದ ಕಟ್ಟುನಿಟ್ಟಿನ ಸುಧಾರಣೆ ನಮ್ಮ ಮಠಕ್ಕೆ ಬಂದಾಗಿನಿಂದ ಇಲ್ಲಿ ಯಾರೂ ‘ನನ್ನದು’ ಎನ್ನುವಂತಿಲ್ಲ. ಬಟ್ಟಲು, ಚಾಕು, ಹಾಸಿಗೆ ಎಲ್ಲವೂ ‘ನಮ್ಮದು’. ದೊಡ್ಡಮನೆತನದ ಮುದುಕ ಎಬರ್ವಿನ್ ತನ್ನ ತುಪ್ಪಳದ ನಿಲುವಂಗಿಯನ್ನು ಎಲ್ಲರಿಗಿಂತ ಕೊನೆಗೆ ಬಿಟ್ಟುಕೊಟ್ಟವನು. ಆ ಸಿಟ್ಟನ್ನು ನನ್ನ ಮೇಲೆ ಹೀಗೆ ತೀರಿಸಿಕೊಳ್ಳುತ್ತಾನೆ: “ನಮ್ಮ ಹಲ್ಲು ನೋಯ್ತಿದೆ ಕಣಯ್ಯಾ ಗೆಬ್‌ಹಾರ್ಟ್. ಬಾ, ನೀನೂ ಸ್ವಲ್ಪ ನರಳು.” ಎಲ್ಲರೂ ನಗುತ್ತಾರೆ. ಮಠಾಧಿಪತಿಯಾದ ನಾನು ನಗುವಂತಿಲ್ಲ.

ಮಧ್ಯಾಹ್ನ ಎಬರ್ವಿನ್‌ನ ಅಣ್ಣನ ಮಗ ಕುದುರೆ ಏರಿ ಬಂದ. ನಾನು ಎದುರಿಗಿದ್ದರೂ ಅವನಿಗೆ ಲೆಕ್ಕವಿಲ್ಲ.

“ಚಿಕ್ಕಪ್ಪಾ, ಜೋಡು ಹೊಲಿಯೋನ ಮಗನಿಗೆ ತಲೆ ಬಾಗಿಸ್ಕೊಂಡು ಇರ್ತೀರಾ? ಮೊದಲೆಲ್ಲ ನಮ್ಮಂಥೋರು ಬಿಟ್ರೆ ಇಲ್ಲಿಗೆ ಯಾರನ್ನೂ ಸೇರಿಸ್ತಿರ್ಲಿಲ್ಲ. ನಡೀರಿ ಮನೆಗೆ.”

ಅವನು ಹೇಳಿದ್ದು ನನ್ನನ್ನೇ; ಅಪ್ಪ ಜೋಡು ಹೊಲಿಯುತ್ತಿದ್ದವನು. ಎಬರ್ವಿನ್ ಊದಿದ ಕೆನ್ನೆ ಹಿಡಿದುಕೊಂಡೇ ಹೇಳಿದ: “ಬಾಯಿ ಮುಚ್ಚೋ. ಜೋಡು ಹೊಲೀತಿದ್ದದ್ದು ನಮ್ಮಪ್ಪ.”

ಅವನು ಬೆಪ್ಪಾದ. “ತಾತ ಕೋಟೆ ಆಳ್ತಿದ್ರಲ್ಲ!”

“ಅವ್ರೂ ನಮ್ಮಪ್ಪನೇ.”

ಬಂದ ಕುದುರೆ ಹಾಗೇ ಹಿಂತಿರುಗಿತು.

ಹೆಮ್ಮೆ ಪಾಪವೆಂದು ಈ ಮಠದಲ್ಲಿ ಬೋಧಿಸುವವನು ನಾನೇ. ಇವತ್ತು ಎದೆ ಆ ಮಾತು ಕೇಳುತ್ತಿಲ್ಲ. ಅಪ್ಪ ಬದುಕಿದ್ದಿದ್ದರೆ... ಸಾಕು, ಕಣ್ಣು ಎಳೆಯುತ್ತಿದೆ. ಬೆಳಗ್ಗೆ ಎದ್ದ ಕೂಡಲೇ ನಮ್ಮ ಹಲ್ಲಿಗೆ ಲವಂಗ ಹುಡುಕಿಸಬೇಕು.