ಬಲಗೈಯ ಬ್ರೇಕು

ಹೊಳೆದಂಡೆಯ ಮನೆಯಿಂದ,
ಹನ್ನೊಂದನೇ ತಾರೀಖು, ಸೋಮವಾರ

ಮಾತು ಮರೆತ ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದ.

ಆಶೀರ್ವಾದ ಮೊದಲು ಬರೆದುಬಿಟ್ಟೆ, ಇನ್ನು ಬೈಯಲು ಅಡ್ಡಿಯಿಲ್ಲ. ಮುರಿದ ಮೂಳೆ ಕೂಡಿತೋ ಇಲ್ಲವೋ ಎಂದು ನಾವಿಲ್ಲಿ ಒದ್ದಾಡುತ್ತಿದ್ದರೆ, ನೀನು ಮೂರು ಸಾಲಿನ ಕಾಗದ ಹಾಕಿ ಕೈ ತೊಳೆದುಕೊಂಡಿದ್ದೀಯ. ‘ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ’ ಅಂತೆ. ಕಣ್ಣಿಂದ ನೋಡದೆ ಸುಮ್ಮನೆ ನಂಬಲು ನಾವೇನು ದೇವರೇನೇ? ಒಂದು ದಿನ ಬಂದು ಕಣ್ಣಾರೆ ನೋಡಿದರೆ ನಿನ್ನ ಗಂಟೇನು ಹೋಗುತ್ತದೆ? ಆ ಪಾರ್ಸೆಲ್ ಕಚೇರಿಯ ಡಬ್ಬಗಳಿಗೆ ಚೀಟಿ ಅಂಟಿಸುವವಳು ನೀನೊಬ್ಬಳೇ ಏನು? ನೀನಿಲ್ಲದಿದ್ದರೆ ಜಗತ್ತಿನ ಗಂಟುಮೂಟೆಯೆಲ್ಲ ದಾರಿ ತಪ್ಪಿ ನಮ್ಮ ಮನೆಗೆ ಬರುತ್ತದೆಯೇ?

ಎಡಭುಜದ ನೋವು ಹೇಗಿದೆ? ಕೈ ತಲೆಯ ಮೇಲಕ್ಕೆ ಪೂರ್ತಿ ಏಳುತ್ತದೋ, ಕಿವಿಯ ಹತ್ತಿರವೇ ನಿಂತುಬಿಡುತ್ತದೋ? ಡಾಕ್ಟರು ಹೇಳಿದ ಹಾಗೆ ಬೆಳಿಗ್ಗೆ ಗೋಡೆಗೆ ಬೆರಳೂರಿ ಮೇಲೆ ಮೇಲೆ ಏರಿಸುತ್ತಿದ್ದೀಯೋ ಇಲ್ಲವೋ? ಇಲ್ಲ ಅಂತ ನನಗೆ ಗೊತ್ತು. ನನ್ನ ಮಂಡಿ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ, ಆದರೆ ನಡೆಸುತ್ತದೆ. ನಿನ್ನಮ್ಮ ಹೊಲಿಗೆಯಂತ್ರದ ಮುಂದೆ ಕೂತರೆ ಏಳುವುದಿಲ್ಲ, ಎದ್ದರೆ ನಿನ್ನ ಕೋಣೆಗೆ ಹೋಗಿ ಹೊದಿಕೆ ಕೊಡವಿ ಬರುತ್ತಾಳೆ. ಯಾರೂ ಮಲಗದ ಹಾಸಿಗೆಯಲ್ಲಿ ಅಷ್ಟು ಧೂಳು ಎಲ್ಲಿಂದ ಬರುತ್ತದೋ ಕಾಣೆ.

ಇನ್ನು ನಿನ್ನಪ್ಪನ ಸುದ್ದಿ. ಕೂತುಕೊಂಡು ಓದು. ನಿನ್ನಪ್ಪ ನಿನ್ನ ಸೈಕಲ್ ಹತ್ತಿದ್ದಾನೆ. ಸಂತೆಗೆ ಹೋಗಿಬರುವುದಕ್ಕಲ್ಲ, ಗುಡ್ಡಕ್ಕೆ. ನೀನು ಹೋಗುತ್ತಿದ್ದ ಅದೇ ಕಾಡುದಾರಿ, ಅದೇ ಹೊಳೆಯ ಕೊರಕಲು. ಸೈಕಲ್ ರಿಪೇರಿ ಅಂಗಡಿಯ ಬಾಗಿಲು ತೆಗೆಯುವ ಮುಂಚೆ, ಬೆಳಕು ಹರಿಯುತ್ತಿದ್ದ ಹಾಗೇ ಹೊರಡುತ್ತಾನೆ. ನಿನ್ನ ಹೆಲ್ಮೆಟ್ಟು ಅವನ ತಲೆಯ ಮೇಲೆ ಬಟ್ಟಲು ಕವುಚಿದ ಹಾಗೆ ಕೂರುತ್ತದೆ. ಹೊಟ್ಟೆ ಹ್ಯಾಂಡಲ್ಲಿಗೆ ತಗಲುತ್ತದೆ. ಮೊದಲ ದಿನ ಮೊಣಕೈ ತರಚಿಕೊಂಡು, ಕಿವಿಯೊಳಗೆಲ್ಲ ಮಣ್ಣು ತುಂಬಿಕೊಂಡು ಬಂದ. ‘ಇದೇನೋ ನಿನ್ನ ವೇಷ, ಯಾರ ಗದ್ದೆ ಉಳೋಕೆ ಹೋಗಿದ್ದೆ?’ ಅಂದೆ. ‘ಗಾಳಿ ಸವಾರಿ ಅಮ್ಮ’ ಅಂದ. ಗಾಳಿಯಂತೆ! ಹತ್ತುವಾಗ ಅವನ ಏದುಸಿರು ಕೇಳಿ ಕಾಡಿನ ಹಕ್ಕಿಗಳೇ ಎದ್ದುಹೋಗುತ್ತವೆ ಎಂದು ದೋಣಿಯವನು ಹೇಳುತ್ತಾನೆ.

ಬರೀ ಹುಚ್ಚು ಎಂದುಕೊಂಡು ನಾನೂ ನಕ್ಕು ಸುಮ್ಮನಿದ್ದೆ. ಆದರೆ ದಿನವೂ ಗಾಯ ಹೊತ್ತು ಬರತೊಡಗಿದ. ಹೋದ ವಾರ ದೋಣಿಯವನನ್ನು ಹಿಡಿದು, ನನ್ನನ್ನೂ ಕೂರಿಸಿಕೊ ಎಂದು ಕೊರಕಲಿನ ತಿರುವಿನವರೆಗೆ ಹೋದೆ. ಅಷ್ಟು ವರ್ಷ ನೀನು ‘ಬಾ ಅಜ್ಜಿ, ನೋಡು ಬಾ’ ಅಂತ ಕರೆದಾಗ ಬರದಿದ್ದವಳು ಈಗ ಹೋದೆ. ಎಂಥ ಜಾಗವೇ ಅದು! ಎರಡೂ ಕಡೆ ಬಂಡೆ ಎದ್ದು ನಿಂತು, ಹೊಳೆ ನಡುವೆ ಹಿಂಡಿದ ಬಟ್ಟೆಯ ಹಾಗೆ ಸುರುಳಿ ಸುತ್ತಿಕೊಂಡು ಹೋಗುತ್ತದೆ. ಮೇಲೆ ಮರಗಳ ಬೇರಿನ ನಡುವೆ ಒಂದು ಗೆರೆ. ಆಡಿನ ಜಾಡು ಅಂದುಕೊಂಡೆ. ‘ಅದೇ ಅಜ್ಜಿ ದಾರಿ’ ಅಂದ ದೋಣಿಯವನು. ಅಷ್ಟರಲ್ಲಿ ಮೇಲಿಂದ ಕಲ್ಲು ಉರುಳಿತು, ಅದರ ಹಿಂದೆ ನಿನ್ನಪ್ಪ ಬಂದ. ಹಿಟ್ಟಿನ ಮೂಟೆ ಗಾಡಿಯಿಂದ ಜಾರಿದ ಹಾಗೆ ಬಂದ. ನಾನು ದೋಣಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ದೋಣಿಯವನು, ‘ಹೆದರಬೇಡಿ, ನೀರಿಗೆ ಬಿದ್ದರೆ ನಾನು ಎತ್ತುತ್ತೀನಿ. ಬಂಡೆ ಮೇಲೆ ಬಿದ್ದರೆ ಮಾತ್ರ ನೀವೇ ಎತ್ಕೋಬೇಕು’ ಅಂದ. ಅವನ ಬಾಯಿಗೆ ಬೀಗ ಹಾಕ.

ನೀನು ಬಿದ್ದೆಯಲ್ಲ, ಆ ಜಾರುಬಂಡೆಯ ನೆತ್ತಿಯಲ್ಲಿ ಅವನು ಸೈಕಲ್ಲಿನಿಂದ ಇಳಿದ. ಸೈಕಲ್ಲನ್ನು ತಳ್ಳಿಕೊಂಡು ಕೆಳಗೆ ಬಂದ. ಬಂದವನು ಮನೆ ಕಡೆ ತಿರುಗಬೇಡವೇ? ಮತ್ತೆ ಹೊತ್ತುಕೊಂಡು ಮೇಲೆ ಹೋದ. ಹತ್ತಿ ಕೂತ, ಒಂದು ಕಾಲೂರಿ ಕೆಳಗೆ ನೋಡಿದ, ಮತ್ತೆ ಇಳಿದ. ಬಿಸಿಲು ಹೊಳೆಗೆ ಬೀಳುವವರೆಗೂ ಅದೇ ಕೆಲಸ. ಕೊನೆಗೊಮ್ಮೆ ಬಿಟ್ಟೇಬಿಟ್ಟ. ಅರ್ಧದಲ್ಲಿ ಪೊದೆಯೊಳಗೆ ಹೋಗಿ ಬಿದ್ದ. ಮುಳ್ಳು ಬಿಡಿಸಿಕೊಳ್ಳುತ್ತ ಎದ್ದು ಕೂತು ತನ್ನ ಬಲಗೈಯನ್ನೇ ನೋಡಿಕೊಂಡ.

ಅವತ್ತು ಮಧ್ಯಾಹ್ನ ಅಂಗಡಿಗೆ ಹೋಗಿ ಅವನ ಮುಂದೆ ಕೂತೆ. ಟ್ಯೂಬು ನೀರಿಗೆ ಅದ್ದಿ ಗುಳ್ಳೆ ನೋಡುತ್ತಿದ್ದ. ‘ಈಗ ಹೇಳ್ತೀಯೋ, ಇಲ್ಲ ಆ ನೀರಿಗೆ ನಿನ್ನ ತಲೆ ಅದ್ದಲೋ?’ ಅಂದೆ. ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನೀನು ಬಿದ್ದ ಆ ಗುಡ್ಡದ ಸವಾರಿಯ ಹಿಂದಿನ ಸಂಜೆ ಬೆನ್ನಿಗೆ ಕಟ್ಟುವ ನಂಬರ್ ಪಟ್ಟಿ ತರಲು ಹೋಗಿದ್ದೆಯಲ್ಲ, ಆಗ ನಿನ್ನ ಸೈಕಲ್ಲಿಗೆ ಎಣ್ಣೆ ಬಿಡಲು ಇಳಿಸಿಕೊಂಡನಂತೆ. ನೋಡಿದರೆ ಬ್ರೇಕು ತಿರುಗಾಮುರುಗಾ. ಬಲಗೈ ಒತ್ತಿದರೆ ಹಿಂದಿನ ಚಕ್ರ ಹಿಡಿಯುತ್ತದೆ, ಎಡಗೈ ಒತ್ತಿದರೆ ಮುಂದಿನದು. ನಿಮ್ಮ ಗುಡ್ಡದ ಸವಾರರು ಹಾಗೇ ಕಟ್ಟಿಕೊಳ್ಳುತ್ತಾರೆ ಎಂದು ಅವನಿಗೇನು ಗೊತ್ತು? ಹಾಲಿನವನದು, ಅಂಚೆಯವನದು, ಶಾಲೆ ಮಕ್ಕಳದು, ಜೀವಮಾನವಿಡೀ ಕಟ್ಟಿದ ಸೈಕಲ್ಲಿಗೆಲ್ಲ ಬಲಗೈಗೆ ಮುಂದಿನ ಚಕ್ರವನ್ನೇ ಕೊಟ್ಟವನು. ಯಾರೋ ಅರೆಬೆಂದವನು ಮಗಳ ಸೈಕಲ್ ಕೆಡಿಸಿದ್ದಾನೆ ಎಂದು ಬೈದುಕೊಂಡು, ವಯರು ಬಿಚ್ಚಿ, ಅದಲುಬದಲು ಮಾಡಿ, ಹೊಸ ನಟ್ಟು ಹಾಕಿ ಬಿಗಿ ಮಾಡಿದ. ಬೆಳಿಗ್ಗೆ ಹೇಳೋಣ ಎಂದುಕೊಂಡವನು ಗಡಿಬಿಡಿಯಲ್ಲಿ ಮರೆತ. ಸೈಕಲ್ಲನ್ನು ವ್ಯಾನಿಗೆ ಹಾಕಿ ನೇರ ಗುಡ್ಡದ ನೆತ್ತಿಗೆ ಕಳಿಸಿದ. ಮೊದಲ ಇಳಿಜಾರೇ ಜಾರುಬಂಡೆ. ನೀನು ಅಭ್ಯಾಸದಂತೆ ಬಲಗೈ ಒತ್ತಿದೆ, ಹಿಂದಿನದರ ಬದಲು ಮುಂದಿನ ಚಕ್ರ ಗಕ್ಕನೆ ನಿಂತಿತು. ಆಮೇಲಿನದು ನಿನಗೇ ಗೊತ್ತು.

ಊರೆಲ್ಲ ಕೇಳಿತು, ‘ಏನಾಯ್ತು, ಹೇಗೆ ಬಿದ್ದೆ?’ ಎಂದು. ‘ಹೆದರಿಬಿಟ್ಟೆ, ಕೈ ಜಾರಿತು’ ಅಂದೆ ನೀನು. ಹೆದರಿಕೆಯಂತೆ! ಐದು ವರ್ಷದವಳಿದ್ದಾಗಲೇ ಮನೆಯ ಮಾಡು ಹತ್ತಿ ನನ್ನ ಜೀವ ತಿಂದವಳು ನೀನು. ನಾನು ಆಗಲೇ ನಂಬಿರಲಿಲ್ಲ. ಮೂರನೇ ದಿನ ಹಿತ್ತಲ ಕಿಟಕಿಯಲ್ಲಿ ನೋಡಿದೆ ಕಣೇ. ನೀನು ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡು, ಸೈಕಲ್ಲಿನ ಹ್ಯಾಂಡಲ್ಲನ್ನು ಮಂಡಿಯಲ್ಲಿ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಪಾನಾ ತಿರುಗಿಸುತ್ತಿದ್ದೆ. ನೋವಿಗೆ ತುಟಿ ಕಚ್ಚಿದ್ದೆ. ವಯರುಗಳನ್ನು ಮೊದಲಿನ ಹಾಗೆ ಕಟ್ಟಿ, ಮೇಲೆ ಬಟ್ಟೆ ಹೊದಿಸಿ ಬಂದೆ. ಆಗ ನನಗೆ ತಲೆಬುಡ ತಿಳಿಯಲಿಲ್ಲ. ಈಗ ಅವನ ಬಾಯಿಂದ ಕೇಳಿದ ಮೇಲೆ ತಿಳಿಯಿತು. ಅಪ್ಪನ ಕೈಯಿಂದ ಆದದ್ದು ಅಪ್ಪನಿಗೆ ಎಂದೂ ಗೊತ್ತಾಗಬಾರದು ಎಂದು ಮುಚ್ಚಿಟ್ಟೆ. ಮಗಳ ಬ್ರೇಕನ್ನೇ ಕೆಡಿಸಿದ ರಿಪೇರಿಯವನ ಹತ್ತಿರ ಯಾರು ಸೈಕಲ್ ತರುತ್ತಾರೆ ಎಂದು ನಿನ್ನ ಲೆಕ್ಕ. ಮತ್ತೆ ಸವಾರಿಗೆ ಹೋದರೆ ಗುಂಪಿನವರು ಕೆದಕುತ್ತಾರೆ ಎಂದು ಸೈಕಲ್ಲನ್ನೇ ಬಿಟ್ಟೆ, ಊರನ್ನೂ ಬಿಟ್ಟೆ.

ಆದರೆ ಮಹಾಬುದ್ಧಿವಂತೆ, ನಿನ್ನಪ್ಪನ ಕಣ್ಣು ಬ್ರೇಕಿನ ವಯರನ್ನು ಗುರುತಿಸುವುದಿಲ್ಲವೇ? ಮಳೆ ನಿಂತ ಮೇಲೆ ತುಕ್ಕು ಹಿಡಿದೀತೆಂದು ಬಟ್ಟೆ ತೆಗೆದಿದ್ದಾನೆ. ತಾನು ಕಟ್ಟಿದ್ದು ತಾನು ಕಟ್ಟಿದ ಹಾಗಿಲ್ಲ. ಅಲ್ಲೇ ಕುಸಿದು ಕೂತನಂತೆ. ‘ಅವಳಿಗೆ ಗೊತ್ತಿತ್ತಮ್ಮ. ಗೊತ್ತಿದ್ದೂ ಒಂದು ಮಾತು ಬೈಯಲಿಲ್ಲ. ಬೈದು ಕೂಗಾಡಿದ್ದರೆ ಸರಿಹೋಗ್ತಿತ್ತು. ಸುಮ್ಮನೆ ಎದ್ದು ಹೋದಳಲ್ಲ, ಅಷ್ಟು ಕೋಪ ನನ್ನ ಮೇಲೆ’ ಅಂದ. ಅದು ಕೋಪವಲ್ಲವೋ, ಅಕ್ಕರೆ ಕಣೋ ಅಂತ ಬಾಯಿ ನೋಯುವಷ್ಟು ಹೇಳಿದೆ. ‘ನೀನು ಬಿಡು, ಯಾವಾಗಲೂ ಮೊಮ್ಮಗಳ ವಕೀಲೆ’ ಅಂದುಬಿಟ್ಟ. ಮತ್ತೆ ಆ ಬಂಡೆಗೇಕೆ ಹೋಗುತ್ತೀಯ ಎಂದರೆ, ‘ಅವಳು ಬಿದ್ದ ಜಾಗದಲ್ಲಿ ಕೈ ಏನು ಮಾಡುತ್ತೆ ಅಂತ ನೋಡಬೇಕಿತ್ತು. ಯೋಚನೆ ಮಾಡೋಕೆ ಹೊತ್ತೇ ಇರಲ್ಲಮ್ಮ, ಕೈ ತಾನಾಗೇ ಹಿಡಿಯುತ್ತೆ. ಅವಳದ್ದು ಒಂದು ಚೂರೂ ತಪ್ಪಿಲ್ಲ’ ಅಂದ.

ನೀನು ಯಾವುದಕ್ಕೆ ಹೆದರಿದ್ದೆಯೋ ಅದೂ ಆಗಿಹೋಯಿತು. ನಿಮ್ಮ ಗುಂಪಿನ ಸೀಟಿ ಮೇಷ್ಟ್ರು, ಸದಾ ಕೊರಳಿಗೆ ಸೀಟಿ ನೇತುಹಾಕಿಕೊಂಡಿರುತ್ತಾರಲ್ಲ, ಅವರ ಮುಂದೆ, ಎಲ್ಲ ಸವಾರರ ಮುಂದೆ ನಿನ್ನಪ್ಪ ನಿಂತು, ‘ಬ್ರೇಕು ಬದಲಾಯಿಸಿದ್ದು ನಾನು, ನನ್ನ ಮಗಳಿಗೆ ಹೆದರಿಕೆ ಅನ್ನೋದು ಗೊತ್ತಿಲ್ಲ’ ಅಂದನಂತೆ. ಯಾರೂ ನಗಲಿಲ್ಲ. ಮಾರನೆಯ ದಿನ ಅವರಲ್ಲೇ ಇಬ್ಬರು ಅಂಗಡಿಗೆ ಸೈಕಲ್ ತಂದರು. ಈಗ ಪಾನಾ ಮುಟ್ಟುವ ಮೊದಲು ‘ನಿಮ್ಮ ಬಲಗೈಗೆ ಯಾವ ಚಕ್ರ ಬೇಕು?’ ಎಂದು ಕೇಳುತ್ತಾನೆ. ಹಾಲಿನವನನ್ನೂ ಕೇಳಿದನಂತೆ. ಅವನು, ‘ಯಾವುದಾದರೂ ಕೊಡಿ ಸ್ವಾಮಿ, ಹಾಲು ಚೆಲ್ಲದಿದ್ದರೆ ಸಾಕು’ ಅಂದ.

ನಿನ್ನಮ್ಮ ನಿನಗೊಂದು ದಪ್ಪ ಅಂಗಿ ಹೊಲಿದಿದ್ದಾಳೆ, ಎಡತೋಳು ಕೊಂಚ ಸಡಿಲ ಬಿಟ್ಟು. ಅಂಚೆಯಲ್ಲಿ ಕಳಿಸುವುದಿಲ್ಲವಂತೆ. ನಿನ್ನ ಭುಜ ಗಟ್ಟಿಯಾಗಲಿ, ಊಟ ಹೊತ್ತಿಗೆ ಸರಿಯಾಗಿ ಸೇರಲಿ, ನಾಲಿಗೆ ಮಾತ್ರ ನನ್ನಷ್ಟು ಹರಿತವಾಗದಿರಲಿ.

ಇಂತಿ,
ನಿನ್ನ ವಕೀಲೆ,
ಅಜ್ಜಿ

ಮರೆತ ಮಾತು: ಅಂಚೆಯವನು ಬಾಗಿಲಲ್ಲಿ ನಿಂತು ಗಂಟೆ ಬಾರಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ತಿಂಗಳ ಗುಡ್ಡದ ಸವಾರಿಗೆ ನಿನ್ನಪ್ಪ ಹೆಸರು ಕೊಟ್ಟಿದ್ದಾನೆ. ಹೊಸಬರು ಒಬ್ಬರೇ ಇಳಿಯುವ ಹಾಗಿಲ್ಲ, ಪಳಗಿದವರು ಜೊತೆಗಿರಬೇಕು ಎಂದರಂತೆ ಸೀಟಿ ಮೇಷ್ಟ್ರು. ‘ಮಗಳು ಬರ್ತಾಳೆ’ ಎಂದು ನಿನ್ನ ಹೆಸರು ಹೇಳಿ ಬಂದಿದ್ದಾನೆ. ನಿನ್ನನ್ನು ಕೇಳುವ ಧೈರ್ಯ ಮಾತ್ರ ಇಲ್ಲ. ನೀನು ಬರದಿದ್ದರೂ ಅವನು ಆ ಬಂಡೆ ಇಳಿಯದೆ ಬಿಡುವವನಲ್ಲ, ನನಗೆ ಅವನ ಹಟ ಗೊತ್ತು, ಹೆತ್ತವಳು. ಭುಜ ಆಗದು ಅಂದರೆ ಸೈಕಲ್ ಹತ್ತಬೇಡ, ಬಂಡೆಯ ಕೆಳಗೆ ನಿಂತು ಯಾವ ಕೈ ಒತ್ತಬೇಕೆಂದು ಕೂಗಿದರೂ ಸಾಕು. ಬರುತ್ತೀಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ. ನನಗಲ್ಲ, ಅವನ ಹೆಸರಿಗೆ. ಮೂರು ಸಾಲು ಸಾಲದು. ಮೊದಲ ಪುಟ ತುಂಬ ಚೆನ್ನಾಗಿ ಬೈದು ಬರೆ.